ಕೊನೆಗೆ ಉಳಿಯುವ ಆ ಒಂದು ಸಾಲು

ಸಂಧಾನದ ಕರಡು ತಿದ್ದುವುದರಲ್ಲೇ ನನ್ನ ಸರ್ವಿಸಿನ ಜಾಸ್ತಿ ವರ್ಷ ಕಳೆದವು. ಒಪ್ಪಿಗೆಯಾಗದ ಸಾಲನ್ನು ಚೌಕ ಕಂಸದೊಳಗೆ ಹಾಕಿ ಮುಂದೆ ಹೋಗುವುದು ನಮ್ಮ ಪದ್ಧತಿ. ದಿನ ಕಳೆದಂತೆ ಕಂಸಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಕೊನೆಗೆ ಒಂದು ಮಾತ್ರ ಜಪ್ಪಯ್ಯ ಅಂದರೂ ಬಿಚ್ಚುವುದಿಲ್ಲ. ಹೊಸಬರಿಗೆ ಇದನ್ನು ಹೇಳಿಕೊಡುವಾಗ ನಾನು ಕೊರಿಯಾ ಯುದ್ಧದ ಕಥೆ ತೆಗೆಯುತ್ತೇನೆ.

ಅಲ್ಲಿ ಮಾತುಕತೆ ಶುರುವಾದದ್ದು 1951ರ ಜುಲೈನಲ್ಲಿ. ಪಾನ್‌ಮುನ್‌ಜೋಮ್ ಎಂಬ ಹಳ್ಳಿಯಲ್ಲಿ ಕದನವಿರಾಮಕ್ಕೆ ಸಹಿ ಬಿದ್ದದ್ದು 1953ರ ಜುಲೈ 27ಕ್ಕೆ. 1952ರ ನಡುವಿನ ಹೊತ್ತಿಗೆ ಬಾಕಿ ಇದ್ದ ದೊಡ್ಡ ವಿಷಯ ಒಂದೇ, ಯುದ್ಧಕೈದಿಗಳದ್ದು. ಯುದ್ಧ ನಿಂತ ಕೂಡಲೇ ಕೈದಿಗಳನ್ನು ಊರಿಗೆ ಕಳಿಸಬೇಕು ಅನ್ನುತ್ತದೆ 1949ರ ಜಿನೀವಾ ಒಪ್ಪಂದ. ಚೀನಾ, ಉತ್ತರ ಕೊರಿಯಾ ಅದನ್ನೇ ಹಿಡಿದು ಕೂತವು. ಆದರೆ ಎದುರಾಳಿಯ ಕೈಯಲ್ಲಿದ್ದ ಅವರ ಸಾವಿರಾರು ಕೈದಿಗಳು 'ನಾವು ಹೋಗೊಲ್ಲ' ಅಂದರು. ಬಲವಂತವಾಗಿ ಕಳಿಸುವುದಿಲ್ಲ ಎಂದಿತು ದಕ್ಷಿಣ ಕೊರಿಯಾದ ಪರ ಹೋರಾಡುತ್ತಿದ್ದ ಅಮೆರಿಕ. ಎರಡು ಮಾತಿನಲ್ಲೂ ಹುರುಳಿತ್ತು. ಅತ್ತ ಗುಡ್ಡಗಳ ಮೇಲೆ ಹುಡುಗರು ಸಾಯುತ್ತಲೇ ಇದ್ದರು.

1952ರ ಕೊನೆಗೆ ವಿಶ್ವಸಂಸ್ಥೆಯಲ್ಲಿ ಭಾರತದ ಪರವಾಗಿ ಕೃಷ್ಣ ಮೆನನ್ ಒಂದು ದಾರಿ ಮುಂದಿಟ್ಟರು. ಕೈದಿಗಳನ್ನು ತಟಸ್ಥ ದೇಶಗಳ ಆಯೋಗದ ಕೈಗೆ ಕೊಡಿ. ಆಗ ಯಾರೂ ಎದುರಾಳಿಗೆ ಸೋತಂತಾಗುವುದಿಲ್ಲ, ಅಲ್ವಾ? ಸೋವಿಯತ್, ಚೀನಾ ಎರಡೂ ತಳ್ಳಿಹಾಕಿದವು. 1953ರ ಮಾರ್ಚ್‌ನಲ್ಲಿ ಸೋವಿಯತ್ ನಾಯಕ ಸ್ಟಾಲಿನ್ ತೀರಿಕೊಂಡರು. ಆ ತಿಂಗಳು ಮುಗಿಯುವುದರೊಳಗೆ ಚೀನಾ ಹೆಚ್ಚುಕಮ್ಮಿ ಅದೇ ದಾರಿಗೆ ಬಂತು. ಅದಕ್ಕೇ ನಾನು ಬೇಡವೆಂದ ಕರಡನ್ನೂ ಫೈಲಿನಲ್ಲಿ ಜೋಪಾನವಾಗಿ ಇಡುತ್ತಿದ್ದೆ.

ಆಯೋಗದ ಅಧ್ಯಕ್ಷರಾದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಕೈದಿಗಳನ್ನು ಕಾಯಲು ಬಂದ ಭಾರತದ ಸೈನಿಕರು ತನ್ನ ನೆಲ ಮೆಟ್ಟಕೂಡದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದರು. ಆ ಸೈನಿಕರನ್ನು ಹೆಲಿಕಾಪ್ಟರ್‌ಗಳಲ್ಲಿ ಹೊತ್ತೊಯ್ದು ಸೇನೆಯಿಲ್ಲದ ವಲಯದಲ್ಲಿ ಇಳಿಸಬೇಕಾಯಿತು. ಅಲ್ಲಿ ಡೇರೆ ಹಾಕಿ, ಕೈದಿಯನ್ನು ಕೂರಿಸಿ, ಅವನ ದೇಶದವರಿಂದಲೇ ಮಾತಾಡಿಸಿದರು. ಹೊರಹೋಗಲು ಎರಡು ಬಾಗಿಲು. ಒಂದು ಊರಿನ ಕಡೆಗೆ, ಇನ್ನೊಂದು ವಾಪಸ್ ಶಿಬಿರಕ್ಕೆ. ಎಲ್ಲರೂ ಡೇರೆಯವರೆಗೆ ಬರಲಿಲ್ಲ. ಶಿಬಿರದೊಳಗಿನ ಮುಖಂಡರು ಬಿಡಲಿಲ್ಲ. ಇದು ನನ್ನನ್ನು ಈಗಲೂ ನೋಯಿಸುತ್ತದೆ. ಭಾರತದ ವಶಕ್ಕೆ ಬಂದ 22,000ಕ್ಕೂ ಜಾಸ್ತಿ ಜನರಲ್ಲಿ ಊರಿಗೆ ಮರಳಿದವರು ಕೆಲವೇ ನೂರು.

ಯಾವ ಕಡೆಯೂ ಬೇಡ ಎಂದ 88 ಜನ 1954ರಲ್ಲಿ ನಮ್ಮ ಪಡೆಯ ಜೊತೆ ಹಡಗು ಹತ್ತಿ ಮದ್ರಾಸಿಗೆ ಬಂದಿಳಿದರು.