ನಾವು ಎಲ್ಲಿಂದ ಬಂದೆವು: ಡಿಎನ್‌ಎ ಪರೀಕ್ಷೆ ಹೇಳುವುದೆಷ್ಟು?

ಪುಟ್ಟ ಕೊಳವೆಯೊಂದರಲ್ಲಿ ಜೊಲ್ಲು ತುಂಬಿಸಿ ಕಳುಹಿಸಿದರೆ, ತಾಯಿ, ಅಜ್ಜಿ, ಮುತ್ತಜ್ಜಿ ಹೀಗೆ ಹೆಣ್ಣಿನ ಮೂಲಕವೇ ಹಿಂದಕ್ಕೆ ಸಾಗುವ ನಮ್ಮ ತಾಯಿಸಾಲು ಯಾವುದು, ಅದು ಎಷ್ಟು ಸಾವಿರ ವರ್ಷಗಳ ಹಿಂದೆ ಎಲ್ಲಿ ಕವಲೊಡೆಯಿತು ಎಂಬುದನ್ನು ತಿಳಿಸುವ ವರದಿ ಕೆಲವೇ ವಾರಗಳಲ್ಲಿ ಕೈಸೇರುತ್ತದೆ. ಈ ಪರೀಕ್ಷೆಯ ಹಿಂದೆ ಸುಮಾರು 40 ವರ್ಷಗಳ ಸಂಶೋಧನೆಯಿದೆ. ಅದು ಸಾಗಿಬಂದ ದಾರಿಯನ್ನು ತಿಳಿಯದೆ ವರದಿಯನ್ನು ಓದಿದರೆ, ಒಂದು ಎಳೆಯನ್ನೇ ಇಡೀ ಬಟ್ಟೆಯೆಂದು ನಂಬುವ ಅಪಾಯವಿದೆ.

1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್ ಮತ್ತು ಅಲನ್ ವಿಲ್ಸನ್ ಅವರು ಜಗತ್ತಿನ ಬೇರೆ ಬೇರೆ ಮೂಲಗಳ 147 ಜನರ ಮೈಟೋಕಾಂಡ್ರಿಯ ಡಿಎನ್‌ಎಯನ್ನು, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಘಟಕಗಳಲ್ಲಿರುವ ಡಿಎನ್‌ಎಯನ್ನು, ಹೋಲಿಸಿ ನೋಡಿದರು. ಅವರ ಮಾದರಿಗಳಲ್ಲಿ ಹೆಚ್ಚಿನವು ಹೆರಿಗೆಯ ನಂತರ ಸಂಗ್ರಹಿಸಿದ ಮಾಸುಗಳಾಗಿದ್ದವು. ಮೈಟೋಕಾಂಡ್ರಿಯ ಡಿಎನ್‌ಎ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವುದರಿಂದ, ಅದರಲ್ಲಿ ಕಾಲಕಾಲಕ್ಕೆ ಆಗುವ ಸಣ್ಣ ಬದಲಾವಣೆಗಳನ್ನು ಹಿಂದಕ್ಕೆ ಎಣಿಸುತ್ತ ಹೋಗಿ, ಇಂದಿನ ಎಲ್ಲರ ತಾಯಿಸಾಲುಗಳೂ ಸುಮಾರು 2 ಲಕ್ಷ ವರ್ಷಗಳ ಹಿಂದೆ ಆಫ್ರಿಕದಲ್ಲಿದ್ದ ಒಬ್ಬ ಸ್ತ್ರೀಯಲ್ಲಿ ಕೂಡುತ್ತವೆ ಎಂದು ಅವರು ತೋರಿಸಿದರು. ಆಕೆ ಆ ಕಾಲದ ಏಕೈಕ ಸ್ತ್ರೀಯಾಗಿರಲಿಲ್ಲ. ಉಳಿದವರ ತಾಯಿಸಾಲುಗಳು ಒಂದಲ್ಲ ಒಂದು ತಲೆಮಾರಿನಲ್ಲಿ ಹೆಣ್ಣುಮಕ್ಕಳಿಲ್ಲದೆ ನಿಂತುಹೋದವು, ಅಷ್ಟೆ.

ತಂದೆಯಿಂದ ಮಗನಿಗೆ ಮಾತ್ರ ಸಾಗುವ ವೈ ಕ್ರೋಮೋಸೋಮಿನ ಅಧ್ಯಯನವೂ ಇದೇ ದಾರಿ ಹಿಡಿಯಿತು. 2005ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮತ್ತು ಐಬಿಎಂ ಸೇರಿ ಆರಂಭಿಸಿದ ಜಿನೋಗ್ರಫಿಕ್ ಯೋಜನೆ ಈ ಎರಡು ಸಾಲುಗಳ ಪರೀಕ್ಷೆಯನ್ನು ಸಾಮಾನ್ಯರಿಗೂ ತಲುಪಿಸಿತು. ಭಾರತದಲ್ಲಿ ಅದರ ಕೇಂದ್ರ ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿತ್ತು. ಆದರೆ ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮ್ಮ ವಂಶವೃಕ್ಷದಲ್ಲಿ 1024 ಸ್ಥಾನಗಳಿರುತ್ತವೆ, ಮತ್ತು ತಾಯಿಸಾಲು, ತಂದೆಸಾಲು ಎರಡೂ ಸೇರಿ ಅವುಗಳಲ್ಲಿ ಇಬ್ಬರ ಬಗ್ಗೆ ಮಾತ್ರ ಮಾತನಾಡುತ್ತವೆ. ಈ ಮಿತಿಯನ್ನು ವರದಿಗಳ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚುಮಾಡಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಒಂದೆರಡು ಸಾಲುಗಳನ್ನಷ್ಟೇ ಅಲ್ಲದೆ ಇಡೀ ಜೀನೋಮಿನ, ಅಂದರೆ ಒಬ್ಬರ ಡಿಎನ್‌ಎಯ ಪೂರ್ಣ ಮೊತ್ತದ, ಉದ್ದಕ್ಕೂ ಲಕ್ಷಾಂತರ ಕಡೆ ಹೋಲಿಸಿ ನೋಡಲು ಸಾಧ್ಯವಾದಾಗ ಚಿತ್ರ ಬದಲಾಯಿತು. 2009ರಲ್ಲಿ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಕುಮಾರಸಾಮಿ ತಂಗರಾಜ್ ಮತ್ತು ಲಾಲ್ಜಿ ಸಿಂಗ್, ಹಾರ್ವರ್ಡಿನ ಡೇವಿಡ್ ರೈಕ್ ಮೊದಲಾದವರು 25 ಸಮುದಾಯಗಳ 132 ಜನರ ಡಿಎನ್‌ಎಯನ್ನು ಪರಿಶೀಲಿಸಿ, ಇಂದಿನ ಬಹುಪಾಲು ಭಾರತೀಯರು ಎರಡು ಪ್ರಾಚೀನ ಜನಸಮೂಹಗಳ ಬೆರಕೆಯಿಂದ ಬಂದವರೆಂದು ತಿಳಿಸಿದರು. ಬೆರಕೆಯ ಪ್ರಮಾಣ ಜಾತಿಯಿಂದ ಜಾತಿಗೆ, ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗಿತ್ತೇ ಹೊರತು, ಮುಖ್ಯಭೂಮಿಯಲ್ಲಿ ಅವರು ಪರಿಶೀಲಿಸಿದ ಯಾವ ಜಾತಿಯೂ ಬೆರಕೆಯಿಂದ ಹೊರಗಿರಲಿಲ್ಲ.

ಬದುಕಿರುವವರ ಡಿಎನ್‌ಎಯಿಂದ ಹಿಂದಿನವರನ್ನು ಊಹಿಸುವುದು ಒಂದು ಮಾತು. ಹಿಂದಿನವರ ಡಿಎನ್‌ಎಯನ್ನೇ ಓದುವುದು ಇನ್ನೊಂದು. 2010ರಲ್ಲಿ ಸ್ವಾಂಟೆ ಪಾಬೊ ಅವರ ತಂಡ ಅಳಿದುಹೋದ ಮಾನವ ಬಗೆಯಾದ ನಿಯಾಂಡರ್ತಾಲರ ಜೀನೋಮಿನ ಕರಡನ್ನು ಪ್ರಕಟಿಸಿ, ಆಫ್ರಿಕದ ಹೊರಗಿನ ಜನರಲ್ಲಿ ನಿಯಾಂಡರ್ತಾಲರ ವಂಶವಾಹಿಯ ಸಣ್ಣ ಪಾಲು ಇಂದಿಗೂ ಉಳಿದಿದೆ ಎಂದು ಸಾಬೀತುಪಡಿಸಿತು. ಪಾಬೊ ಅವರಿಗೆ 2022ರ ನೊಬೆಲ್ ದೊರೆಯಿತು. ಒಳಗಿವಿಯನ್ನು ಸುತ್ತುವರಿದ ತಲೆಬುರುಡೆಯ ಎಲುಬು ಬಹಳ ಗಟ್ಟಿಯಾಗಿದ್ದು ಡಿಎನ್‌ಎಯನ್ನು ಹೆಚ್ಚು ಕಾಲ ಕಾಪಾಡುತ್ತದೆ ಎಂಬುದು ತಿಳಿದ ಮೇಲಂತೂ, ಅದನ್ನು ಕೊರೆದು ತೆಗೆದ ಚಿಟಿಕೆ ಪುಡಿಯೇ ಈ ವಿಜ್ಞಾನದ ಮುಖ್ಯ ಆಕರವಾಯಿತು.

ನಮ್ಮ ನೆಲದ ಬಿಸಿ ಮತ್ತು ತೇವದಲ್ಲಿ ಡಿಎನ್‌ಎ ಬೇಗ ಕೆಡುತ್ತದೆ. ಹರಿಯಾಣದ ಹಿಸಾರ್ ಜಿಲ್ಲೆಯ ರಾಖಿಗಢಿಯಲ್ಲಿ ವಸಂತ ಶಿಂದೆ ಅವರ ನೇತೃತ್ವದಲ್ಲಿ ಹರಪ್ಪ ಕಾಲದ ಸ್ಮಶಾನವನ್ನು ಅಗೆದಾಗ ದೊರೆತ ಅಸ್ಥಿಪಂಜರಗಳಿಂದ 61 ಮಾದರಿಗಳನ್ನು ಪರೀಕ್ಷಿಸಲಾಯಿತು. ಓದಬಹುದಾದಷ್ಟು ಡಿಎನ್‌ಎ ಸಿಕ್ಕಿದ್ದು ಒಂದರಲ್ಲಿ ಮಾತ್ರ. ಮಡಕೆಗಳ ಜೊತೆ ಮಣ್ಣು ಮಾಡಲಾಗಿದ್ದ, ಸುಮಾರು 4500 ವರ್ಷಗಳ ಹಿಂದಿನ ಒಬ್ಬ ಹೆಂಗಸಿನ ಮಾದರಿ ಅದು. ಆ ಒಂದೇ ಮಾದರಿಯನ್ನು ನೂರಕ್ಕೂ ಹೆಚ್ಚು ಸಲ ಸಂಸ್ಕರಿಸಿ, ಚೂರು ಚೂರಾಗಿ ಸಿಕ್ಕಿದ್ದನ್ನು ಒಟ್ಟುಗೂಡಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಆಕೆಯಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲಿನ ಪಶುಪಾಲಕರ ವಂಶದ ಗುರುತಿರಲಿಲ್ಲ. ದಕ್ಷಿಣ ಏಷ್ಯಾದ ಪ್ರಾಚೀನ ಬೇಟೆಗಾರರ ಪಾಲಿನ ಜೊತೆಗೆ ಇರಾನಿನ ಕಡೆಯವರಿಗೆ ದೂರದ ಸಂಬಂಧಿಯಾದ ಕವಲೊಂದರ ಪಾಲಿತ್ತು, ಮತ್ತು ಆ ಕವಲು ಬೇಸಾಯ ಹುಟ್ಟುವುದಕ್ಕೂ ಮೊದಲೇ ಬೇರ್ಪಟ್ಟಿತ್ತು.

ಒಬ್ಬಳೇ ಹೆಂಗಸಿನಿಂದ ಇಡೀ ನಾಗರಿಕತೆಯ ಬಗ್ಗೆ ಹೇಳಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದೇ ವರ್ಷ 523 ಪ್ರಾಚೀನ ವ್ಯಕ್ತಿಗಳ ಡಿಎನ್‌ಎಯನ್ನು ಆಧರಿಸಿ ಬಂದ ಇನ್ನೊಂದು ಅಧ್ಯಯನದಲ್ಲಿ, ಇಂದಿನ ತುರ್ಕಮೆನಿಸ್ತಾನದ ಗೋನುರ್ ಮತ್ತು ಇರಾನಿನ ಶಹರ್-ಇ-ಸೋಖ್ತಾದಲ್ಲಿ ಹೂಳಲಾಗಿದ್ದ 11 ಜನರಲ್ಲಿ ಇದೇ ಬಗೆಯ ಬೆರಕೆ ಕಂಡಿತು. ಸಿಂಧೂ ಕಣಿವೆಯೊಡನೆ ವ್ಯಾಪಾರ ಸಂಪರ್ಕವಿದ್ದ ಊರುಗಳಿವು. ಹುಲ್ಲುಗಾವಲಿನವರ ವಂಶ ಉಪಖಂಡಕ್ಕೆ ಬಂದದ್ದು ಕ್ರಿ.ಪೂ. 2000ದಿಂದ 1500ರ ನಡುವೆ ಎಂದೂ ಆ ಅಧ್ಯಯನ ಲೆಕ್ಕಹಾಕಿತು. ಈ ಎರಡು ಫಲಿತಾಂಶಗಳು ಪ್ರಕಟವಾದಾಗ ಆರ್ಯ ವಲಸೆಯ ಪರ ಮತ್ತು ವಿರೋಧದ ಎರಡೂ ಬಣಗಳು ತಮಗೆ ಬೇಕಾದ ಸಾಲುಗಳನ್ನಷ್ಟೇ ಎತ್ತಿ ಆಡಿದ್ದು ನೋವಿನ ಸಂಗತಿ. ಎಲುಬಿನ ಪುಡಿ ಜನರ ಓಡಾಟವನ್ನು, ಕೊಡುಕೊಳ್ಳುವಿಕೆಯನ್ನು ಹೇಳಬಲ್ಲದು; ಆ ಹೆಂಗಸು ಯಾವ ಭಾಷೆ ಆಡುತ್ತಿದ್ದಳು, ಯಾವ ದೇವರಿಗೆ ಕೈಮುಗಿಯುತ್ತಿದ್ದಳು ಎಂಬುದು ಅದರಲ್ಲಿ ಬರೆದಿರುವುದಿಲ್ಲ.

ಇತ್ತೀಚಿನ ಶತಮಾನಗಳ ವಲಸೆಯೂ ಡಿಎನ್‌ಎಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಉತ್ತರ ಕನ್ನಡದ ಕಾಡಂಚಿನ ಊರುಗಳಲ್ಲಿ ಕನ್ನಡ, ಕೊಂಕಣಿ ಆಡುತ್ತ ಬದುಕುತ್ತಿರುವ ಸಿದ್ದಿಯರ ಪೂರ್ವಿಕರನ್ನು ಪೋರ್ಚುಗೀಸರ ಕಾಲದಲ್ಲಿ ಗುಲಾಮರನ್ನಾಗಿ ತರಲಾಗಿತ್ತು ಎಂಬ ಇತಿಹಾಸಕ್ಕೆ 2011ರ ಅಧ್ಯಯನವೊಂದು ಪುಷ್ಟಿ ಕೊಟ್ಟಿತು. ಅವರ ವಂಶದ ಬಹುಪಾಲು ಆಫ್ರಿಕದ ಬಾಂಟು ಭಾಷಿಕರಿಗೆ ಸೇರಿದ್ದು, ಸ್ಥಳೀಯರೊಡನೆ ಅವರು ಬೆರೆತದ್ದು ಕಳೆದ ಸುಮಾರು 200 ವರ್ಷಗಳ ಈಚೆಗೆ ಎಂದು ಅದು ಗುರುತಿಸಿತು.

ಪ್ರಾಚೀನ ವಂಶದ ಹುಡುಕಾಟದಿಂದ ಹೊರಬಂದ ಇನ್ನೊಂದು ಸತ್ಯ ನೇರವಾಗಿ ಆಸ್ಪತ್ರೆಗೆ ಸಂಬಂಧಿಸಿದ್ದು. 2013ರ ಲೆಕ್ಕದ ಪ್ರಕಾರ ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ಧಾರಾಳವಾಗಿ ನಡೆದ ಬೆರಕೆ ಆಮೇಲೆ ಕುಗ್ಗಿ, ಒಳಜಾತಿ ಮದುವೆ ಬಿಗಿಯಾಯಿತು. ಇದರಿಂದಾಗಿ ಎಷ್ಟೋ ಸಮುದಾಯಗಳಲ್ಲಿ ಕೆಲವು ಆನುವಂಶಿಕ ದೋಷಗಳು ಒಳಗೊಳಗೇ ಹೆಚ್ಚಿದವು. ತೆಲುಗು ನಾಡಿನ ವೈಶ್ಯರಲ್ಲಿ ಹಲವರಿಗೆ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆಯಿದ್ದು, ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧದ ಪರಿಣಾಮ ಅವರಲ್ಲಿ ಬೇಗ ಇಳಿಯದೆ ಉಸಿರಾಟಕ್ಕೇ ತೊಂದರೆಯಾಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ಹತ್ತು ಸಾವಿರ ಭಾರತೀಯರ ಜೀನೋಮುಗಳನ್ನು ಓದುವ ಗುರಿ ಇಟ್ಟುಕೊಂಡಿತು. ಅದರ ದತ್ತಾಂಶ 2025ರ ಜನವರಿಯಿಂದ ಸಂಶೋಧಕರಿಗೆ ತೆರೆದಿದೆ. ಯಾವ ಸಮುದಾಯದಲ್ಲಿ ಇಂಥ ಯಾವ ದೋಷ ಅಡಗಿದೆ ಎಂಬುದನ್ನು ಇನ್ನು ಅಲ್ಲಿ ಹುಡುಕಬಹುದು.