ತಾಲ್ಲೂಕು ಪಂಚಾಯಿತಿಗೆ ಮತ ಹಾಕದ ತಲೆಮಾರು

ಪದವಿ ಓದುತ್ತಿರುವ ನನ್ನ ಓರಗೆಯವರು ಲೋಕಸಭೆಗೆ ಮತ ಹಾಕಿದ್ದೇವೆ, ಕೆಲವರು ವಿಧಾನಸಭೆಗೂ ಹಾಕಿದ್ದಾರೆ. ತಾಲ್ಲೂಕು ಪಂಚಾಯಿತಿಗೆ, ಜಿಲ್ಲಾ ಪಂಚಾಯಿತಿಗೆ ಮತ ಹಾಕಿದವರು ನಮ್ಮಲ್ಲಿ ಒಬ್ಬರೂ ಇಲ್ಲ. ಆ ಚುನಾವಣೆ ಕರ್ನಾಟಕದಲ್ಲಿ ನಡೆದದ್ದು 2016ರ ಫೆಬ್ರವರಿಯಲ್ಲಿ. ಆಗ ನಾವು ಪ್ರಾಥಮಿಕ ಶಾಲೆಯಲ್ಲಿದ್ದೆವು. ಅಂದು ಗೆದ್ದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ನಾಲ್ಕು ವರ್ಷ ಕಳೆದರೂ ಮತಪೆಟ್ಟಿಗೆ ಊರಿಗೆ ಬರಲಿಲ್ಲ. ಚುನಾಯಿತ ಅಧ್ಯಕ್ಷರ ಕುರ್ಚಿಯಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಕುಳಿತಿದ್ದಾರೆ.

ಇದರಿಂದ ಓದುವ ಹುಡುಗರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟ ಇರುವುದು ಹಾಸ್ಟೆಲಿನ ಊಟದ ತಟ್ಟೆಯಲ್ಲಿ. ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ತಾಲ್ಲೂಕು ಮಟ್ಟದ ಅಧಿಕಾರಿಗಳು ತಾಲ್ಲೂಕು ಪಂಚಾಯಿತಿಯ ಸಾಮಾನ್ಯ ಸಭೆಗೆ ಬಂದು ಲೆಕ್ಕ ಒಪ್ಪಿಸಬೇಕು. ಅಲ್ಲಿ ಸಾಮಾಜಿಕ ನ್ಯಾಯ ಸಮಿತಿಯೆಂಬ ಸ್ಥಾಯಿ ಸಮಿತಿಯೂ ಇರುತ್ತದೆ. ನಮ್ಮ ಹಾಸ್ಟೆಲಿನಲ್ಲಿ ಹಿಂದೆ ಇದ್ದ ಹಿರಿಯ ವಿದ್ಯಾರ್ಥಿಯೊಬ್ಬರು ಹೇಳುತ್ತಿದ್ದರು: ಸಾಂಬಾರಿನಲ್ಲಿ ಬೇಳೆ ಕಾಣದಿದ್ದರೆ ಅವರು ಕ್ಷೇತ್ರದ ಸದಸ್ಯೆಯ ಮನೆಗೇ ಹೋಗುತ್ತಿದ್ದರಂತೆ, ಆಕೆ ಮುಂದಿನ ಸಭೆಯಲ್ಲಿ ಎದ್ದು ನಿಂತು ಅಧಿಕಾರಿಯನ್ನು ಹೆಸರು ಹಿಡಿದು ಕೇಳುತ್ತಿದ್ದರಂತೆ. ಉತ್ತರ ಸಭಾ ನಡಾವಳಿಯಲ್ಲಿ ದಾಖಲಾಗುತ್ತಿತ್ತು. ಈಗ ನಾವು ಅರ್ಜಿ ಹಿಡಿದು ಶಾಸಕರ ಮನೆಯ ಮುಂದೆ ನಿಲ್ಲುತ್ತೇವೆ. ಅಲ್ಲಿ ನಮಗಿಂತ ಮೊದಲೇ ನೂರು ಜನ ನಿಂತಿರುತ್ತಾರೆ, ವರ್ಗಾವಣೆಯ ಶಿಫಾರಸಿನಿಂದ ಹಿಡಿದು ಮದುವೆಯ ಆಮಂತ್ರಣದವರೆಗೆ ಎಲ್ಲರ ಕೆಲಸವೂ ಒಂದೇ ಬಾಗಿಲಲ್ಲಿ.

ಈ ರಾಜ್ಯ ಇಂಥ ಸ್ಥಿತಿಗೆ ಬಂದದ್ದು ಹೇಗೆ ಎಂದು ಹಿಂದಕ್ಕೆ ಹೋಗಿ ನೋಡಿದರೆ ಬೇಸರ ಇನ್ನೂ ಹೆಚ್ಚುತ್ತದೆ. ಏಕೆಂದರೆ ಪಂಚಾಯತ್ ರಾಜ್ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದ ರಾಜ್ಯಗಳಲ್ಲಿ ನಮ್ಮದೂ ಒಂದು.

ಮೈಸೂರು ರಾಜ್ಯದ 1959ರ ಕಾಯ್ದೆ ಹಳ್ಳಿಗೆ ಗ್ರಾಮ ಪಂಚಾಯಿತಿ, ತಾಲ್ಲೂಕಿಗೆ ಅಭಿವೃದ್ಧಿ ಮಂಡಳಿ ಕೊಟ್ಟಿತು. ಜಿಲ್ಲೆಗೆ ಕೊಟ್ಟದ್ದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪರಿಷತ್ತು, ಅದಕ್ಕೆ ಸಲಹೆ ನೀಡುವುದರ ಆಚೆಗೆ ಹೆಚ್ಚಿನ ಅಧಿಕಾರ ಇರಲಿಲ್ಲ. ಊರ ಹಿರಿಯರು ಇಂದಿಗೂ 'ತಾಲ್ಲೂಕ್ ಬೋರ್ಡಿನ ರಸ್ತೆ' ಎಂದು ತೋರಿಸುವುದು ಆ ಕಾಲದ ರಸ್ತೆಗಳನ್ನು. ಹಣವೂ ಹಿಡಿತವೂ ಬೆಂಗಳೂರಿನಲ್ಲೇ ಉಳಿದಿದ್ದವು.

ನಿಜವಾದ ತಿರುವು 1983ರದ್ದು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು. ಗುಂಡ್ಲುಪೇಟೆಯ ನಜೀರ್ ಸಾಬರನ್ನು ಹಳ್ಳಿಯ ಜನ ನೆನೆಯುವುದು 'ನೀರ್ ಸಾಬ್' ಎಂದೇ. ಬರಗಾಲದಲ್ಲಿ ಊರೂರಿಗೆ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸಿದವರು ಅವರು. ಆದರೆ ಅವರು ಬಿಟ್ಟುಹೋದ ದೊಡ್ಡ ಆಸ್ತಿ ಆ ವರ್ಷ ರೂಪುಗೊಂಡ ಕಾಯ್ದೆ. ಜಿಲ್ಲೆಗೆ ಜಿಲ್ಲಾ ಪರಿಷತ್ತು, ಕೆಳಗೆ ಹಲವು ಹಳ್ಳಿಗಳು ಸೇರಿದ ಮಂಡಲ ಪಂಚಾಯಿತಿ. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ, ಅದೂ ಸಂವಿಧಾನ ಕೇಳುವುದಕ್ಕೆ ಹತ್ತು ವರ್ಷ ಮೊದಲು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬರುವವರು ಜಿಲ್ಲಾಧಿಕಾರಿಗಿಂತ ಸೇವೆಯಲ್ಲಿ ಹಿರಿಯರು. ಬ್ರಿಟಿಷರ ಕಾಲದಿಂದ ಜಿಲ್ಲೆಯ ದೊರೆಯಂತೆ ಮೆರೆದ ಹುದ್ದೆಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ, ಜನ ಆರಿಸಿದ ಸದಸ್ಯರ ಕೈಗೆ ಶಾಲೆ, ಆಸ್ಪತ್ರೆ, ಕುಡಿಯುವ ನೀರು ಕೊಡುವ ಧೈರ್ಯ ಅದು. ಇಂದಿನ ಯಾವ ಸರ್ಕಾರವೂ ಅಷ್ಟು ದೂರ ಹೋಗಲಾರದು ಎಂಬುದು ನನ್ನ ಅನಿಸಿಕೆ.

ಆ ಕಾಯ್ದೆಯಲ್ಲೂ ಒಂದು ರಾಜಿ ಇತ್ತು. ನಡುವಿನ ತಾಲ್ಲೂಕು ಪಂಚಾಯತ್ ಸಮಿತಿಗೆ ನೇರ ಚುನಾವಣೆ ಇರಲಿಲ್ಲ, ಅದರ ಅಧ್ಯಕ್ಷರು ಆ ಕ್ಷೇತ್ರದ ಶಾಸಕರೇ. ಅಧಿಕಾರ ಕೆಳಗೆ ಹರಿದುಹೋಗುತ್ತಿದೆ ಎಂಬ ಶಾಸಕರ ಆತಂಕಕ್ಕೆ ಕೊಟ್ಟ ಸಮಾಧಾನ ಅದು. ತಾಲ್ಲೂಕು ಯಾರ ಕೈಯಲ್ಲಿರಬೇಕು ಎಂಬ ಜಗಳ ಇಂದಿಗೂ ತೀರಿಲ್ಲವಾದ್ದರಿಂದ ಇದನ್ನು ನೆನಪಿನಲ್ಲಿಡಬೇಕು.

ಕಾಯ್ದೆಗೆ ರಾಷ್ಟ್ರಪತಿಯವರ ಅಂಕಿತ ಸಿಕ್ಕಿದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಮರುವರ್ಷವೇ ನಜೀರ್ ಸಾಬ್ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ಅವರ ಹೆಸರಿದೆ. 1989ರಲ್ಲಿ ಸರ್ಕಾರ ಬದಲಾಯಿತು. ಪರಿಷತ್ತುಗಳ ಐದು ವರ್ಷ 1992ರ ಆರಂಭದಲ್ಲಿ ತುಂಬಿದಾಗ ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿಗಳು ಬಂದರು. ದೇಶಕ್ಕೆ ಮಾದರಿಯಾದ ವ್ಯವಸ್ಥೆ ತನ್ನ ಎರಡನೆಯ ಚುನಾವಣೆಯನ್ನೇ ಕಾಣಲಿಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು, ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಡುವ 73ನೇ ತಿದ್ದುಪಡಿಯನ್ನು ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು, ಮರುತಿಂಗಳು 10ರಿಂದ ಕರ್ನಾಟಕದ ಹೊಸ ಕಾಯ್ದೆಯೂ ಜಾರಿಯಾಯಿತು. ಆಗ ವೀರಪ್ಪ ಮೊಯಿಲಿ ಮುಖ್ಯಮಂತ್ರಿ, ಎಂ.ವೈ. ಘೋರ್ಪಡೆ ಇಲಾಖೆಯ ಸಚಿವರು. ಮಂಡಲ ಹೋಗಿ ಗ್ರಾಮ ಪಂಚಾಯಿತಿ ಬಂತು, ತಾಲ್ಲೂಕಿಗೂ ನೇರ ಚುನಾವಣೆ ಬಂತು. ಗ್ರಾಮ ಪಂಚಾಯಿತಿಗೆ 1993ರ ಕೊನೆಯಲ್ಲಿ, ಮೇಲಿನ ಎರಡು ಹಂತಗಳಿಗೆ 1995ರಲ್ಲಿ ಮತದಾನ ನಡೆಯಿತು. ಅಲ್ಲಿಂದ 2016ರವರೆಗೆ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳು ಐದು ಬಾರಿ ಚುನಾವಣೆ ಕಂಡವು. ಇದಕ್ಕೆ ಬಲ ಸಂವಿಧಾನದ 243ಇ ವಿಧಿ: ಪಂಚಾಯಿತಿಯ ಆಯುಸ್ಸು ಐದು ವರ್ಷ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಪೂರ್ಣಗೊಂಡಿರಬೇಕು. 1992ರಲ್ಲಿ ನಮ್ಮಲ್ಲಿ ಆದಂಥದ್ದು ಎಲ್ಲೂ ಮತ್ತೆ ಆಗಬಾರದೆಂದೇ ಬರೆದಂತಿದೆ ಈ ವಿಧಿ.

ಈ ಮೂರು ದಶಕಗಳಲ್ಲಿ ಆದ ದೊಡ್ಡ ಬದಲಾವಣೆ ನಮ್ಮ ಮನೆಯ ಅಡುಗೆಮನೆಯಲ್ಲೇ ಕಾಣುತ್ತದೆ. 2010ರಿಂದ ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಮೀಸಲಾಯಿತು. ನಮ್ಮ ಚಿಕ್ಕಮ್ಮ ಗ್ರಾಮ ಪಂಚಾಯಿತಿಗೆ ನಿಂತದ್ದು 2020ರ ಡಿಸೆಂಬರ್‌ನಲ್ಲಿ. ಗ್ರಾಮ ಪಂಚಾಯಿತಿಯ ಕ್ಷೇತ್ರಗಳಲ್ಲಿ ಹೆಚ್ಚಿನವು ಒಂದಕ್ಕಿಂತ ಹೆಚ್ಚು ಸದಸ್ಯರನ್ನು ಆರಿಸುವಂಥವು, ಎಷ್ಟು ಸ್ಥಾನವೋ ಅಷ್ಟು ಮತ. ಯಾವ ವರ್ಗದ ಸ್ಥಾನಕ್ಕೆ ಯಾರಿಗೆ ಒತ್ತಬೇಕು ಎಂದು ಚಿಕ್ಕಮ್ಮ ಮಾದರಿ ಮತಪತ್ರ ಹಿಡಿದು ಮನೆಮನೆಯ ಜಗಲಿಯಲ್ಲಿ ಕುಳಿತು ವಿವರಿಸುತ್ತಿದ್ದರು. ಅವರ ಗುರುತು ಹೊಲಿಗೆ ಯಂತ್ರ. ಪಕ್ಷದ ಚಿಹ್ನೆಗೆ ಅಲ್ಲಿ ಜಾಗವಿಲ್ಲ. ಗೆದ್ದ ಮೊದಲ ತಿಂಗಳುಗಳಲ್ಲಿ ಸಭೆಗೆ ಚಿಕ್ಕಪ್ಪ ಜೊತೆಗೆ ಹೋಗುತ್ತಿದ್ದರು, ಕೇಳಿದ್ದಕ್ಕೆಲ್ಲ ಅವರೇ ಉತ್ತರಿಸುತ್ತಿದ್ದರು. ಆಮೇಲೆ ವಸತಿ ಫಲಾನುಭವಿಗಳ ಪಟ್ಟಿಯ ಗ್ರಾಮಸಭೆ ಬಂತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೆಸರುಗಳನ್ನು ಓದುತ್ತಾ ಹೋದಾಗ, ಗುಡಿಸಲಿನಲ್ಲಿರುವ ಒಬ್ಬ ವಿಧವೆಯ ಹೆಸರು ಬಿಟ್ಟುಹೋಗಿದೆ ಎಂದು ಚಿಕ್ಕಮ್ಮ ಎದ್ದು ಹೇಳಿದರು. ಪಟ್ಟಿಯಲ್ಲಿದ್ದ ಇನ್ನೊಂದು ಹೆಸರಿನವರಿಗೆ ಆರ್‌ಸಿಸಿ ಮನೆ ಇದೆ ಎಂಬುದನ್ನೂ ಹೇಳಿದರು. ಆ ಮನೆಯವರು ನಮಗೆ ನೆಂಟರು. ಸಭೆ ಒಂದು ಕ್ಷಣ ಸ್ತಬ್ಧವಾಯಿತು, ಆಮೇಲೆ ಪಟ್ಟಿ ತಿದ್ದಲಾಯಿತು. ಆ ದಿನದಿಂದ ಚಿಕ್ಕಪ್ಪ ಸಭೆಗೆ ಹೋಗಲಿಲ್ಲ. ಮೀಸಲಾತಿಯಿಂದ ಬಂದ ಹೆಂಗಸರೆಲ್ಲ ಗಂಡನ ರಬ್ಬರ್ ಸ್ಟಾಂಪು ಎಂದು ಯಾರಾದರೂ ಹೇಳಿದಾಗ ನಾನು ಈ ಸಭೆಯ ವಿಷಯ ಹೇಳುತ್ತೇನೆ.

ಅದೇ 2020ರ ಚುನಾವಣೆಯಲ್ಲಿ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿಯೂ ಬಂತು. ದೇವಸ್ಥಾನಕ್ಕೆ ಇಷ್ಟು ಲಕ್ಷ ಕೊಟ್ಟವರು ಅವಿರೋಧ ಆಯ್ಕೆ. ಇದಕ್ಕೆ 'ಊರಿನ ಒಗ್ಗಟ್ಟು' ಎಂಬ ಹೆಸರು ಬೇರೆ. ಬಡವರ ಮನೆಯ ಹೆಣ್ಣುಮಗಳೊಬ್ಬಳು ಹೊಲಿಗೆ ಯಂತ್ರದ ಗುರುತು ಹಿಡಿದು ಗೆಲ್ಲಬಹುದಾದ ದಾರಿಯನ್ನು ಇದು ಮುಚ್ಚುತ್ತದೆ. ಇದರ ಬಗ್ಗೆ ನನಗೆ ಮೃದುವಾಗಿ ಬರೆಯಲು ಮನಸ್ಸಿಲ್ಲ.

ಇನ್ನು 2021ಕ್ಕೆ ಬರೋಣ. ಮೊದಲಿಗೆ ಕೋವಿಡ್ ಕಾರಣವಿತ್ತು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳನ್ನು ವಿಂಗಡಿಸಿ, ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಅಷ್ಟರಲ್ಲಿ ಅಂದಿನ ಬಿಜೆಪಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಆಯೋಗದಿಂದ ಹಿಂಪಡೆದು, ಪ್ರತ್ಯೇಕ ಸೀಮಾ ನಿರ್ಣಯ ಆಯೋಗ ರಚಿಸಿತು. ಮಾಡಿದ ಕೆಲಸವೆಲ್ಲ ಮೊದಲಿನಿಂದ ಶುರು. ಇದೇ ಹೊತ್ತಿಗೆ ಇನ್ನೊಂದು ಪ್ರಶ್ನೆಯೂ ಎದುರಾಗಿತ್ತು. ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ, ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಡಬೇಕಾದರೆ ಪ್ರತ್ಯೇಕ ಆಯೋಗದ ಅಧ್ಯಯನ ಬೇಕು, ಒಟ್ಟು ಮೀಸಲಾತಿ ಶೇ 50 ಮೀರಬಾರದು ಎಂದು ಹೇಳಿತು. ಕರ್ನಾಟಕ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಅವರ ಆಯೋಗ ನೇಮಿಸಿತು, 2022ರ ಜುಲೈನಲ್ಲಿ ವರದಿ ಬಂತು. ಹಿಂದುಳಿದ ವರ್ಗಗಳನ್ನು ಹೊರಗಿಟ್ಟು ಚುನಾವಣೆ ಮಾಡಬೇಕಿತ್ತೆಂದು ನಾನು ಹೇಳುತ್ತಿಲ್ಲ. ಆ ಪ್ರಶ್ನೆ ನ್ಯಾಯದ್ದು. ಆದರೆ ವರದಿ ಕೈಗೆ ಬಂದ ಮೇಲೂ ವರ್ಷಗಳು ಕಳೆದದ್ದಕ್ಕೆ ಆ ಪ್ರಶ್ನೆಯನ್ನು ನೆಪ ಮಾಡಲಾಗದು. ವಿಳಂಬಕ್ಕಾಗಿ ಹೈಕೋರ್ಟ್ 2022ರ ಡಿಸೆಂಬರ್‌ನಲ್ಲಿ ರಾಜ್ಯಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಚುನಾವಣೆ ಆಗಲೂ ಬರಲಿಲ್ಲ.

ಪಕ್ಷ ಯಾವುದಾದರೂ ನಡೆ ಒಂದೇ ಆಗಿರುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ತಾಲ್ಲೂಕು ಪಂಚಾಯಿತಿ ಇಲ್ಲದಿದ್ದರೆ ತಾಲ್ಲೂಕಿನಲ್ಲಿ ಶಾಸಕರೊಬ್ಬರೇ ಜನಪ್ರತಿನಿಧಿ. ಕಾಮಗಾರಿ ಯಾವ ಊರಿಗೆ ಎಂದು ಪ್ರಶ್ನಿಸುವ ಸದಸ್ಯರಿಲ್ಲ, ನಾಳೆ ಎದುರಾಳಿಯಾಗಿ ಬೆಳೆಯಬಹುದಾದ ಜಿಲ್ಲಾ ಪಂಚಾಯಿತಿ ಅಧ್ಯಕ್ಷರಿಲ್ಲ. 1983ರಲ್ಲಿ ಶಾಸಕರಿಗೆ ರಾಜಿಯಾಗಿ ಸಿಕ್ಕ ತಾಲ್ಲೂಕು ಈಗ ಯಾವ ಕಾಯ್ದೆಯ ಹಂಗೂ ಇಲ್ಲದೆ ಅವರ ಕೈ ಸೇರಿದೆ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಸಂಸ್ಥೆ ಇರಬೇಕೆಂಬ ಷರತ್ತು ಇದ್ದದ್ದೂ ಈ ನಡೆಯನ್ನು ಬದಲಿಸಲಿಲ್ಲ. ಇದೇ ಅವಧಿಯಲ್ಲಿ, 2025ರ ಫೆಬ್ರವರಿಯಲ್ಲಿ, ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಅಧಿಕಾರ ಹಂಚಿಕೆಯ ಸೂಚ್ಯಂಕದಲ್ಲಿ ಕರ್ನಾಟಕ ಮೊದಲ ಸ್ಥಾನ ಪಡೆಯಿತು. ಕಾಗದದ ಮೇಲೆ ನಾವು ಹಂಚಿದ ಅಧಿಕಾರ ನಿಜವಾಗಿಯೂ ದೊಡ್ಡದು. ಅದನ್ನು ತೆಗೆದುಕೊಳ್ಳಬೇಕಾದ ಎರಡು ಸಭೆಗಳಲ್ಲಿ ಸದಸ್ಯರಿಲ್ಲ.

ವಿದ್ಯಾರ್ಥಿಗಳಾದ ನಮಗೆ ಇದು ಎರಡನೆಯ ಬಾಗಿಲು ಮುಚ್ಚಿದಂತೆ. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ಎಂಬತ್ತರ ದಶಕದ ಕೊನೆಗೆ ನಿಂತುಹೋಯಿತು. ಹೊಡೆದಾಟ, ರಕ್ತಪಾತದ ನೆನಪಿರುವ ಅಧ್ಯಾಪಕರು ಅದು ನಿಂತದ್ದೇ ಒಳ್ಳೆಯದಾಯಿತು ಎನ್ನುತ್ತಾರೆ, ಅವರ ಅನುಭವವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅಲ್ಲೂ ಇಲ್ಲ, ತಾಲ್ಲೂಕಿನಲ್ಲೂ ಇಲ್ಲ ಎಂದಾದರೆ ಸಭೆಯಲ್ಲಿ ಎದ್ದು ಮಾತನಾಡುವುದನ್ನು, ಸೋತ ಮೇಲೆ ಗೆದ್ದವರೊಂದಿಗೆ ಒಂದೇ ಬೆಂಚಿನಲ್ಲಿ ಕೂರುವುದನ್ನು ನಾವು ಕಲಿಯುವುದೆಲ್ಲಿ? ಪಂಚಾಯಿತಿಗೆ ನಿಲ್ಲಲು ಬೇಕಾದ ವಯಸ್ಸು 21. ನನ್ನ ತರಗತಿಯಲ್ಲಿ ಆ ವಯಸ್ಸು ದಾಟಿದ, ನಿಲ್ಲುವ ಆಸೆಯೂ ಇರುವ ಇಬ್ಬರಿದ್ದಾರೆ. ಅವರಿಗೆ ಇಂದು ಇರುವ ರಾಜಕೀಯವೆಂದರೆ ನಾಯಕರ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟಿಸುವುದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರ ಫೋಟೊ ಹಂಚುವುದು.

ಗುಜರಾತಿನ ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ: ಸ್ಥಳೀಯ ಸಂಸ್ಥೆಗಳ ಚುನಾವಣೆ ಸಕಾಲದಲ್ಲಿ ನಡೆಯಲೇಬೇಕು, ರಾಜ್ಯ ಸರ್ಕಾರ ಸಹಕರಿಸದಿದ್ದರೆ ಚುನಾವಣಾ ಆಯೋಗ ನ್ಯಾಯಾಲಯಕ್ಕೆ ಹೋಗಬಹುದು. 2020ರ ಡಿಸೆಂಬರ್‌ನಲ್ಲಿ ಗೆದ್ದ ಗ್ರಾಮ ಪಂಚಾಯಿತಿ ಸದಸ್ಯರ ಅವಧಿಯೂ ಐದೇ ವರ್ಷ, ಅದು ತುಂಬುವುದು 2026ರ ಆರಂಭದ ಹೊತ್ತಿಗೆ. ಆ ಚುನಾವಣೆಯೂ ಜಾರಿದರೆ 1992ರಲ್ಲಿ ಆದಂತೆ ಹಳ್ಳಿಯಿಂದ ಜಿಲ್ಲೆಯವರೆಗೆ ಎಲ್ಲೆಡೆ ಆಡಳಿತಾಧಿಕಾರಿಗಳೇ ಉಳಿಯುತ್ತಾರೆ, ಚಿಕ್ಕಮ್ಮನಂಥವರು ಮನೆಗೆ ಬರುತ್ತಾರೆ.