ತಂತಿಯೊಳಗೆ ಹಾಡಿಲ್ಲ

ಎಂಟು ನಾಬ್‌ಗಳ ಪೆಟ್ಟಿಗೆಯೊಂದನ್ನು ನಾನೇ ಸೋಲ್ಡರ್ ಮಾಡಿ ಮುಗಿಸಿದ್ದೆ. ಇದಕ್ಕೆ ಮಿಡಿ (MIDI) ಕಂಟ್ರೋಲರ್ ಅಂತಾರೆ; ನಾಬ್ ತಿರುಗಿಸಿದರೆ ಕಂಪ್ಯೂಟರಿನ ಸಂಗೀತದ ಸಾಫ್ಟ್‌ವೇರಿಗೆ ಅಪ್ಪಣೆ ಹೋಗುತ್ತದೆ. ಲ್ಯಾಪ್‌ಟಾಪಿಗೆ ಸಿಕ್ಕಿಸುವಾಗ ಗೆಳೆಯ ಕೇಳಿದ: "ಇದನ್ನ ಹಾಕಿದ್ರೆ ಸೌಂಡ್ ಇನ್ನೂ ಚೆನ್ನಾಗಿ ಬರುತ್ತಾ?"

ತುಂಬ ಜನ ಹೀಗೇ ನಂಬಿದ್ದಾರೆ. ಸುಮ್ನೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ನಿಜವೆಂದರೆ ಮಿಡಿ ಕಂಟ್ರೋಲರಿನ ತಂತಿಯಲ್ಲಿ ಒಂಚೂರೂ ಸದ್ದು ಹರಿಯುವುದಿಲ್ಲ. ಹರಿಯುವುದು ಬರೀ ಸಂಖ್ಯೆ. ಸಂಗೀತದ ಪುಸ್ತಕದಲ್ಲಿ 'ಸ ರಿ ಗ ಮ' ಬರೆದಿರುತ್ತದೆ, ಆ ಹಾಳೆಯನ್ನು ಕಿವಿಗೆ ಹಿಡಿದರೆ ಏನೂ ಕೇಳಿಸದು, ಅಲ್ವಾ? ನಾಬ್ ತಿರುಗಿಸಿದಾಗ ಹೋಗುವುದು 176, 74, 63 ಎಂಬಂಥ ಮೂರು ಸಂಖ್ಯೆ: ಒಂದನೇ ಚಾನೆಲ್, 74ನೇ ಕಂಟ್ರೋಲ್, ಬೆಲೆ 63. ಸದ್ದು ಹುಟ್ಟುವುದು ಸಾಫ್ಟ್‌ವೇರಿನಲ್ಲಿ.

ಮಿಡಿ ಎಂಬ ಈ ಸಂಖ್ಯೆಗಳ ಭಾಷೆಗೆ ನಲವತ್ತು ವರ್ಷ ದಾಟಿದೆ. ಮೊದಲೆಲ್ಲ ಒಂದು ಕಂಪನಿಯ ಸಿಂಥಸೈಸರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ) ಇನ್ನೊಂದರ ಜೊತೆ ಮಾತಾಡುತ್ತಿರಲಿಲ್ಲ. ಸಿಂಥಸೈಸರ್ ತಯಾರಕರಾದ ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಪೈಪೋಟಿ ಬದಿಗಿಟ್ಟು ಕೈಜೋಡಿಸಿದರು. 1983ರ ಜನವರಿಯಲ್ಲಿ ತಮ್ಮ ಸಿಂಥಸೈಸರ್‌ಗಳಾದ ಪ್ರಾಫೆಟ್-600, ಜುಪಿಟರ್-6 ಎರಡನ್ನೂ ಒಂದೇ ತಂತಿಯಿಂದ ಜೋಡಿಸಿ ತೋರಿಸಿದರು. ಅವರು ಹಾಕಿಕೊಟ್ಟ ಮೂರು ಸಂಖ್ಯೆಯ ಸಾಲೇ ಇವತ್ತು ಯುಎಸ್‌ಬಿಯಲ್ಲೂ ಓಡುತ್ತದೆ. ನೆನೆದರೆ ನನಗೆ ಈಗಲೂ ಖುಷಿ.

ಆದರೆ ನನ್ನ ಪೆಟ್ಟಿಗೆಯಲ್ಲಿ ಒಂದು ತೊಂದರೆ. ಕೈ ಬಿಟ್ಟರೂ ಪರದೆಯಲ್ಲಿ 63, 64, 63, 64. ತರಕಾರಿ ಅಂಗಡಿಯ ಡಿಜಿಟಲ್ ತಕ್ಕಡಿಯ ಕೊನೇ ಅಂಕಿ ಕುಣಿಯುತ್ತದಲ್ಲ, ಥೇಟ್ ಹಾಗೆ. ಪೆಟ್ಟಿಗೆಯೊಳಗಿನ ಪುಟ್ಟ ಕಂಪ್ಯೂಟರ್, ಪ್ರೊ ಮೈಕ್ರೊ ಬೋರ್ಡ್, ನಾಬಿನ ವೋಲ್ಟೇಜನ್ನು 0ರಿಂದ 1023ರವರೆಗೆ ಅಳೆಯುತ್ತದೆ. ಮಿಡಿಗೆ ಬೇಕಾದದ್ದು 0ರಿಂದ 127. ಹಾಗಾಗಿ ಎಂಟರಿಂದ ಭಾಗಿಸಿ ಶೇಷ ಬಿಡಬೇಕು. 511 ಬಂದರೆ 63, 512 ಬಂದರೆ 64. ನಾಬ್ ಸರಿಯಾಗಿ ಹೊಸ್ತಿಲ ಮೇಲೆ ನಿಂತಿದೆ! ವಿದ್ಯುತ್ತಿನ ಒಂದು ಸಣ್ಣ ನಡುಕ ಸಾಕು, ಒಳಗೆ ಹೊರಗೆ ಓಡಾಡುತ್ತದೆ.

ಇದಕ್ಕೆ ಮದ್ದು ನಮ್ಮ ಮನೆ ಮೇಲಿನ ಟ್ಯಾಂಕಿನಲ್ಲೇ ಇದೆ. ಒಂದು ಚೊಂಬು ನೀರು ಖರ್ಚಾದ ತಕ್ಷಣ ಆಟೋಮ್ಯಾಟಿಕ್ ಮೋಟರ್ ಓಡುವುದಿಲ್ಲ. ನೀರು ಚೆನ್ನಾಗಿ ಇಳಿದ ಮೇಲೇ ಓಡುತ್ತದೆ, ತುಂಬಿದ ಮೇಲೇ ನಿಲ್ಲುತ್ತದೆ. ನಡುವೆ ಎಷ್ಟೇ ಅಲುಗಾಡಿದರೂ ಅದು ತಲೆ ಕೆಡಿಸಿಕೊಳ್ಳದು. ಕೋಡಿನಲ್ಲೂ ಅದನ್ನೇ ಬರೆದೆ: ಕಳೆದ ಸಲ ಕಳಿಸಿದಾಗ ಇದ್ದ ಅಳತೆಗಿಂತ (1023ರವರೆಗಿನದು) ಆರಾದರೂ ಬದಲಾದರೆ ಮಾತ್ರ ಹೊಸ ಸಂಖ್ಯೆ ಕಳಿಸು. ಕುಣಿತ ನಿಂತಿತು.

ನೀವೂ ಮಾಡುವುದಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪಾಟ್ (ನಾಬಿನ ಕೆಳಗೆ ತಿರುಗುವ ಬಿಡಿಭಾಗ) ಕೊಳ್ಳುವಾಗ ಮೈಮೇಲೆ 'ಬಿ10ಕೆ' ಎಂದಿದೆಯಾ ನೋಡಿ. 'ಎ' ಇದ್ದರೆ ಬೇಡ. ಅದರಲ್ಲಿ ಅರ್ಧ ಸುತ್ತಿಗೆ ಸಂಖ್ಯೆ ಹೆಚ್ಚೇನೂ ಏರುವುದಿಲ್ಲ, ಉಳಿದರ್ಧದಲ್ಲಿ ಒಮ್ಮೆಲೇ ನೆಗೆಯುತ್ತದೆ.